ಸಮವಸ್ತ್ರ ಇರಲಿ, ಒಂದೇ ಉತ್ತರ ಬೇಡ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯ ಸಚಿವರೇ, ನಮಸ್ಕಾರ.

ನಾನು ಹೆಗ್ಗನಹಳ್ಳಿಯಲ್ಲಿ ಸಂಜೆ ಹೊತ್ತು ಮನೆಪಾಠ ಹೇಳುವವಳು. ನನ್ನ ಹತ್ತಿರ ಬರುವವರೆಲ್ಲ ಸರ್ಕಾರಿ ಶಾಲೆ ಮಕ್ಕಳು. ಅಮ್ಮಂದಿರು ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಅಪ್ಪಂದಿರು ಆಟೋ ಓಡಿಸುತ್ತಾರೆ, ಗಾರೆ ಕೆಲಸಕ್ಕೆ ಹೋಗುತ್ತಾರೆ. ಎಲ್ಲ ಮಕ್ಕಳೂ ಸಮಾನರು ಎಂದು ಹೇಳುವ ನಾವು, ಎಲ್ಲ ಮಕ್ಕಳನ್ನೂ ಒಂದೇ ಥರ ಮಾಡಲು ಹೊರಟಿದ್ದೇವೆ. ಅದರ ಬಗ್ಗೆ ನಿಮ್ಮ ಹತ್ತಿರ ಮಾತಾಡಬೇಕಿದೆ.

ಸಮಾನತೆ ಬೇಡ ಎನ್ನುವವಳಲ್ಲ ನಾನು. ಸಮವಸ್ತ್ರ ಬೇಕೇ ಬೇಕು. ಬಾಡಿಗೆ ಕಟ್ಟಲು ಪರದಾಡುವ ಮನೆಯ ಮಗು, ಸ್ವಂತ ಮನೆ ಇರುವವರ ಮಗುವಿನ ಪಕ್ಕ ತಲೆ ಎತ್ತಿ ಕೂರುವುದು ಅದರಿಂದಲೇ. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು, ಬಿಸಿಯೂಟ, ಉಚಿತ ಪಠ್ಯಪುಸ್ತಕ, ಇವೆಲ್ಲ ಎಲ್ಲರಿಗೂ ಸಮನಾಗಿ ಸಿಗಲೇಬೇಕು. ಇದರಲ್ಲಿ ಒಂದು ಚೂರೂ ರಾಜಿ ಬೇಡ.

ಆದರೆ ಊಟದ ವಿಷಯದಲ್ಲಿ ನಿಮ್ಮ ಇಲಾಖೆ ಎಷ್ಟು ಚೆನ್ನಾಗಿ ನಡೆದುಕೊಂಡಿದೆ ನೋಡಿ. ಮೊಟ್ಟೆ ತಿನ್ನುವ ಮಗುವಿಗೆ ಮೊಟ್ಟೆ, ತಿನ್ನದ ಮಗುವಿಗೆ ಬಾಳೆಹಣ್ಣು. ಇಬ್ಬರ ಹೊಟ್ಟೆಯೂ ತುಂಬುತ್ತದೆ. ಒಬ್ಬನಿಗೆ ಹಣ್ಣು ಕೊಟ್ಟರು, ಇನ್ನೊಬ್ಬನಿಗೆ ಮೊಟ್ಟೆ ಕೊಟ್ಟರು ಅಂತ ಸಮಾನತೆ ಕೆಟ್ಟಿಲ್ಲ. ತಟ್ಟೆಯ ಮುಂದೆ ಕೂತ ಮಗುವಿಗೆ ಕೊಟ್ಟ ಈ ಮರ್ಯಾದೆ, ಅದೇ ಮಗು ತರಗತಿಯೊಳಗೆ ಹೋದ ಕೂಡಲೇ ಯಾಕೆ ಸಿಗುವುದಿಲ್ಲ?

ನಾಲ್ಕನೇ ತರಗತಿ ಹುಡುಗಿಯೊಬ್ಬಳ ನೋಟ್‌ಬುಕ್ ಬಗ್ಗೆ ಹೇಳುತ್ತೇನೆ. ಮಳೆ ನೀರು ಎಲ್ಲಿಗೆ ಹೋಗುತ್ತದೆ ಅಂತ ಪ್ರಶ್ನೆ. ಅವಳ ಮನೆ ರಾಜಕಾಲುವೆ ಪಕ್ಕದಲ್ಲೇ ಇದೆ. ಅವಳು ಬರೆದಿದ್ದು ಹೀಗೆ: "ಮೊದಲು ಮೋರಿಗೆ ಹೋಗುತ್ತದೆ. ಮೋರಿ ತುಂಬಿದರೆ ನಮ್ಮ ಮನೆಗೆ ಬರುತ್ತದೆ. ಅಮ್ಮ ಅಕ್ಕಿ ಡಬ್ಬ ಎತ್ತಿ ಮಂಚದ ಮೇಲೆ ಇಡುತ್ತಾಳೆ." ಅದರ ಮೇಲೆ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ. ಕೆಳಗೆ ಸರಿ ಉತ್ತರ: "ಕೆರೆ, ನದಿ, ಸಮುದ್ರ ಸೇರುತ್ತದೆ." ಅದನ್ನು ಹುಡುಗಿ ಸಾಲು ಸಾಲು ತಿದ್ದಿ ಬರೆದಿದ್ದಾಳೆ. ಅಕ್ಷರ ದುಂಡಗಿವೆ, ತಪ್ಪೇ ಇಲ್ಲ. ಅವಳ ಬೆಂಚಿನಲ್ಲಿ ಕೂರುವ ಎಲ್ಲರ ಪುಸ್ತಕದಲ್ಲೂ ಈಗ ಅದೇ ಒಂದು ಸಾಲು.

ಅವಳು ಬರೆದಿದ್ದರಲ್ಲಿ ಸುಳ್ಳೇನಿತ್ತು ಸ್ವಾಮಿ? ಕಣ್ಣಾರೆ ಕಂಡದ್ದನ್ನು ಬರೆದಳು, ಅದೂ ಒಂದಾದ ಮೇಲೊಂದು, ಕ್ರಮವಾಗಿ. ಆ ಮೋರಿಯಿಂದಲೇ ಪಾಠ ಶುರು ಮಾಡಬಹುದಿತ್ತು. ನಮ್ಮ ಕಡೆಯ ಮೋರಿ ನೀರು ವೃಷಭಾವತಿಗೆ ಸೇರುತ್ತದೆ, ವೃಷಭಾವತಿ ಅರ್ಕಾವತಿಗೆ, ಅರ್ಕಾವತಿ ಸಂಗಮದ ಹತ್ತಿರ ಕಾವೇರಿಗೆ. ಅವಳ ಮನೆ ಬಾಗಿಲಿಂದ ಸಮುದ್ರದವರೆಗೆ ಇಡೀ ತರಗತಿಯನ್ನು ಕರೆದುಕೊಂಡು ಹೋಗಬಹುದಿತ್ತು. ಆ ಮಗು ಈಗ ನನ್ನ ಹತ್ತಿರ ಯಾವ ಪ್ರಶ್ನೆಗೂ ತಾನೇ ಉತ್ತರ ಬರೆಯುವುದಿಲ್ಲ. "ಮಿಸ್, ನೀವು ಹೇಳಿ, ಬರ್ಕೋತೀನಿ" ಅನ್ನುತ್ತಾಳೆ. ಇದು ನನಗೆ ತುಂಬಾ ನೋವು ಕೊಟ್ಟಿದೆ.

ಆ ಟೀಚರನ್ನು ನಾನು ಬೈಯುವುದಿಲ್ಲ. ತುಂಬಿದ ತರಗತಿ. ಆನ್‌ಲೈನ್‌ನಲ್ಲಿ ತುಂಬಬೇಕಾದ ಮಾಹಿತಿ ಬೇರೆ. ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ ಪಾಠ ಎಲ್ಲಿಗೆ ಬಂತು, ನೋಟ್ಸ್ ತಿದ್ದಿದ್ದೀರಾ ಅಂತ ಕೇಳುತ್ತಾರೆ. ಮಕ್ಕಳು ಒಬ್ಬೊಬ್ಬರು ಒಂದೊಂದು ಬರೆದರೆ ಅಷ್ಟೂ ಓದಿ ತಿದ್ದಲು ಹೊತ್ತು ಎಲ್ಲಿದೆ? ಶಿಕ್ಷಣ ಹಕ್ಕು ಕಾಯ್ದೆ ಪ್ರಾಥಮಿಕ ಶಾಲೆಯಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು ಎಂದಿದ್ದು ಸುಮ್ನೆ ಅಲ್ಲ. ಟೀಚರ್‌ಗೆ ಮಕ್ಕಳ ಮುಖ ನೋಡಲು ಪುರಸೊತ್ತು ಸಿಗಲಿ ಅಂತ. ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರನ್ನು ಹಾಕಿ ವರ್ಷ ದೂಡಿದರೆ ಆ ಪುರಸೊತ್ತು ಬರುವುದಿಲ್ಲ.

ಬೇಸರದ ಸಂಗತಿ ಏನೆಂದರೆ, ಮಕ್ಕಳನ್ನು ಒಬ್ಬೊಬ್ಬರಾಗಿ ನೋಡುವ ದಾರಿ ನಮ್ಮ ಸರ್ಕಾರಿ ಶಾಲೆಗಳಲ್ಲೇ ಇದೆ. 1995ರಲ್ಲಿ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಶುರುವಾದ ನಲಿ-ಕಲಿ ಈಗ ರಾಜ್ಯದ ತುಂಬ ಇದೆ. ಮಗು ತನ್ನ ಕಾರ್ಡ್ ತಾನೇ ಹುಡುಕಿಕೊಂಡು, ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತದೆ. ಜ್ವರ ಬಂದು ವಾರ ರಜೆ ಹಾಕಿದರೆ, ನಿಲ್ಲಿಸಿದ ಮೆಟ್ಟಿಲಿಂದಲೇ ಮುಂದಕ್ಕೆ. ಪಕ್ಕದ ಮಗು ಎರಡು ಮೆಟ್ಟಿಲು ಮೇಲಿದ್ದರೆ ಇದಕ್ಕೆ ಹೇಳಿಕೊಡುತ್ತದೆ. ಇದೆಲ್ಲ ಮೂರನೇ ತರಗತಿವರೆಗೆ. ನಾಲ್ಕಕ್ಕೆ ಕಾಲಿಟ್ಟ ದಿನದಿಂದ ಎಲ್ಲರಿಗೂ ಒಂದೇ ದಿನ ಒಂದೇ ಪುಟ. ನೆನ್ನೆವರೆಗೆ ಏಣಿ ಹತ್ತುತ್ತಿದ್ದ ಮಗುವಿಗೆ ಇವತ್ತು ಎಲ್ಲರ ಜೊತೆ ಸಾಲಿನಲ್ಲಿ ಬಾ ಅಂದರೆ ಅದಕ್ಕೆ ಏನು ಅರ್ಥವಾಗಬೇಕು?

ಇನ್ನೊಂದು ಕಡೆ ನೋಡಿ. ಸರ್ಜಾಪುರ ರಸ್ತೆ, ವೈಟ್‌ಫೀಲ್ಡ್ ಕಡೆ ದೊಡ್ಡ ಶಾಲೆಗಳು ವರ್ಷಕ್ಕೆ ಲಕ್ಷಗಟ್ಟಲೆ ಫೀಸು ತೆಗೆದುಕೊಳ್ಳುತ್ತವೆ. ಅವರು ಅಪ್ಪ ಅಮ್ಮಂದಿರಿಗೆ ಕೊಡುವ ಮೊದಲ ಭರವಸೆಯೇ ನಿಮ್ಮ ಮಗುವನ್ನು ನಿಮ್ಮ ಮಗುವಾಗಿಯೇ ನೋಡುತ್ತೇವೆ ಅಂತ. ಚಿತ್ರ ಬರೆಯುವವರಿಗೆ ಚಿತ್ರ, ಪ್ರಶ್ನೆ ಕೇಳುವವರಿಗೆ ಪ್ರಶ್ನೆ. ಅಂದರೆ ಈ ಬೆಂಗಳೂರಿನಲ್ಲಿ ತನ್ನತನ ಅನ್ನುವುದು ದುಡ್ಡು ಕೊಟ್ಟು ಕೊಳ್ಳುವ ವಸ್ತುವಾಗಿದೆ. ದುಡ್ಡಿಲ್ಲದವರ ಮಕ್ಕಳಿಗೆ ಉಳಿಯುವುದು ಒಂದೇ ಅಚ್ಚು. ಸಮಾನತೆಯ ಹೆಸರಲ್ಲಿ ನಾವು ಕೊಡುತ್ತಿರುವ ಈ ಅಚ್ಚೇ ಇವತ್ತಿನ ದೊಡ್ಡ ಅಸಮಾನತೆ ಅಂತ ನಾನು ನಂಬುತ್ತೇನೆ. ನಾಳೆ ಕೆಲಸಕ್ಕೆ ಹೋದಾಗ ಯೋಚಿಸುವವರು ಅವರ ಮಕ್ಕಳು, ಹೇಳಿದ್ದನ್ನು ಮಾಡುವವರು ನಮ್ಮ ಮಕ್ಕಳು. ಇದು ಆಗಬಾರದು.

ಎಲ್ಲರನ್ನೂ ಒಂದೇ ಥರ ನಡೆಸಿಕೊಂಡರೆ ನ್ಯಾಯ ಸಿಕ್ಕಿಬಿಡುವುದಿಲ್ಲ ಅನ್ನುವುದು ನಮ್ಮ ನಾಡಿಗೆ ನೂರು ವರ್ಷದ ಹಿಂದೆಯೇ ಗೊತ್ತಿತ್ತು. ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಕೆಲಸಗಳೆಲ್ಲ ಹೆಚ್ಚಾಗಿ ಒಂದೇ ಸಮುದಾಯದ ಪಾಲಾಗಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಹಿಂದುಳಿದವರಿಗೆ ಬೇರೆಯಾಗಿಯೇ ಅವಕಾಶ ಮಾಡಿಕೊಡಬೇಕು ಎಂದು ಆ ಸಮಿತಿ ಹೇಳಿತು. ಆಮೇಲೆ ನಮ್ಮ ಸಂವಿಧಾನವೂ ಅದನ್ನೇ ಒಪ್ಪಿತು. 14ನೇ ವಿಧಿ ಎಲ್ಲರೂ ಕಾನೂನಿನ ಮುಂದೆ ಸಮಾನರು ಎನ್ನುತ್ತದೆ, 15ನೇ ವಿಧಿ ಹೆಂಗಸರು, ಮಕ್ಕಳು, ಹಿಂದುಳಿದವರಿಗಾಗಿ ವಿಶೇಷ ಏರ್ಪಾಡು ಮಾಡಬಹುದು ಎನ್ನುತ್ತದೆ.

ಕಲಿಕಾ ನ್ಯೂನತೆ ಇರುವ ಹುಡುಗನಿಗೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಸಮಯ ಕೊಡುವುದೂ ಇದೇ ಲೆಕ್ಕದಲ್ಲಿ. "ಅವನಿಗೆ ಮಾತ್ರ ಯಾಕೆ ಜಾಸ್ತಿ ಟೈಮು?" ಅಂತ ಕೇಳುವ ಪೋಷಕರು ನಮ್ಮ ಬೀದಿಯಲ್ಲೂ ಇದ್ದಾರೆ. ಅಕ್ಷರಕ್ಕೂ ಅದರ ದನಿಗೂ ಜೋಡಿಸಿ ಓದುವುದು ಅವನಿಗೆ ಕಷ್ಟ, ಅದಕ್ಕೆ ಅವನಿಗೆ ಅಷ್ಟು ಹೊತ್ತು ಬೇಕು ಅಂತ ಬಿಡಿಸಿ ಹೇಳಿದರೆ ಅವರಿಗೂ ಅರ್ಥವಾಗುತ್ತದೆ. ನೀವೇ 2023-24ರಲ್ಲಿ ಎಸ್ಸೆಸ್ಸೆಲ್ಸಿಗೆ ಮೂರು ಪರೀಕ್ಷೆ ಮಾಡಿ, ಚೆನ್ನಾಗಿ ಬಂದ ಅಂಕ ಇಟ್ಟುಕೊಳ್ಳಿ ಎಂದಿರಿ. ಒಬ್ಬರು ಮೊದಲ ಪರೀಕ್ಷೆಗೇ ತಯಾರಾಗುತ್ತಾರೆ, ಇನ್ನೊಬ್ಬರಿಗೆ ಸ್ವಲ್ಪ ತಡ. ಒಳ್ಳೆಯ ತೀರ್ಮಾನ.

ಶರಣರನ್ನು ನಾವು ಸಮಾನತೆಗಾಗಿ ನೆನೆಯುತ್ತೇವೆ, ಅಲ್ವಾ? ಅವರಲ್ಲಿ ಹೆಚ್ಚಿನವರು ಬಸವಣ್ಣನವರ ಅಂಕಿತ (ವಚನದ ಗುರುತಿನ ಹೆಸರು) ತೆಗೆದುಕೊಳ್ಳದೆ ತಮ್ಮದೇ ಅಂಕಿತದಲ್ಲಿ ಬರೆದರು. ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ, ಅಲ್ಲಮನಿಗೆ ಗುಹೇಶ್ವರ, ಮಡಿವಾಳ ಮಾಚಯ್ಯನಿಗೆ ಕಲಿದೇವರದೇವ. ದೋಣಿ ನಡೆಸುವ ಚೌಡಯ್ಯ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ಒಂದೇ ಸಾಲಿನಲ್ಲಿ ಕೂತರು, ಅವರವರ ದನಿಯಲ್ಲೇ ಮಾತಾಡಿದರು.

ನಾನು ಕೇಳುವುದು ದೊಡ್ಡದೇನಲ್ಲ. ನಲಿ-ಕಲಿಯ ಪದ್ಧತಿ ಒಂದಿಷ್ಟಾದರೂ ನಾಲ್ಕು, ಐದನೇ ತರಗತಿಗೂ ಬರಲಿ. ಬಡಾವಣೆ ಬೆಳೆದು ಮಕ್ಕಳು ತುಂಬಿರುವ ಪೀಣ್ಯ, ಲಗ್ಗೆರೆ, ಹೆಗ್ಗನಹಳ್ಳಿಯಂಥ ಕಡೆ ಕಾಯಂ ಶಿಕ್ಷಕರನ್ನು ಮೊದಲು ತುಂಬಿ. ಇವೆರಡಕ್ಕೂ ಹಣ ಬೇಕು, ಸಮಯ ಬೇಕು, ಗೊತ್ತಿದೆ.

ಮೂರನೆಯದಕ್ಕೆ ಏನೂ ಬೇಕಿಲ್ಲ. ಒಂದು ಸುತ್ತೋಲೆ ಸಾಕು. ಮಗು ತಾನು ನೋಡಿದ್ದನ್ನು, ಯೋಚಿಸಿದ್ದನ್ನು ತನ್ನ ಮಾತಿನಲ್ಲಿ ಬರೆದು, ಅದು ಪ್ರಶ್ನೆಗೆ ಹೊಂದಿದರೆ ಪೂರ್ತಿ ಅಂಕ ಕೊಡಬೇಕು, ಮಾದರಿ ಉತ್ತರದ ಜೊತೆ ಹೊಂದಲೇಬೇಕೆಂದಿಲ್ಲ, ಹಾಗೆ ಅಂಕ ಕೊಟ್ಟ ಟೀಚರನ್ನು ಯಾರೂ ಪ್ರಶ್ನಿಸಬಾರದು ಅಂತ ಸ್ಪಷ್ಟವಾಗಿ ಬರೆದು ಕಳಿಸಿ. ಕ್ಷೇತ್ರ ಶಿಕ್ಷಣಾಧಿಕಾರಿಗಳಾದ ಬಿಇಒಗಳಿಗೂ ಸಿಆರ್‌ಪಿಗಳಿಗೂ ಅದನ್ನು ತಿಳಿಸಿ ಹೇಳಿ. ಅರ್ಧವಾರ್ಷಿಕ ಪರೀಕ್ಷೆಗೆ ಮುಂಚೆ ಅದು ಶಾಲೆಗಳ ಕೈ ಸೇರಿದರೆ ಈ ವರ್ಷದ ಮಕ್ಕಳಿಗೇ ಉಪಯೋಗವಾಗುತ್ತದೆ.

ಇಂತಿ,
ಮನೆಪಾಠದ ಒಬ್ಬ ಟೀಚರ್
ಹೆಗ್ಗನಹಳ್ಳಿ, ಬೆಂಗಳೂರು