ಮುಳ್ಳಿಲ್ಲದ ವೈರಸ್: ಯುವ ಲೇಖಕಿಯೊಬ್ಬರಿಗೆ ಪತ್ರ

ಪ್ರೀತಿಯ ಗೆಳತಿ,

ನೀವು ಕಳಿಸಿದ ಲೇಖನ ಓದಿದೆ. ಮಂಗನ ಕಾಯಿಲೆಯನ್ನು ಇಟ್ಟುಕೊಂಡು ವೈರಸ್ ಅಂದರೆ ಏನು ಅಂತ ಹೇಳುವ ಯೋಚನೆ ಚೆನ್ನಾಗಿದೆ. ಭಾಷೆಯೂ ಸಲೀಸಾಗಿದೆ. ಆದರೆ ಯುದ್ಧ ಸ್ವಲ್ಪ ಜಾಸ್ತಿ ಆಯಿತು. ಮೊದಲ ಪುಟದಲ್ಲೇ ಶತ್ರು, ದಾಳಿ, ಕೋಟೆ, ಸೈನ್ಯ ಎಲ್ಲ ಬಂದುಬಿಟ್ಟಿವೆ. ವೈರಸ್ ಹೊಂಚು ಹಾಕುತ್ತದೆ, ಸಂಚು ಹೂಡುತ್ತದೆ. ಓದಿದವರಿಗೆ ಭಯವೇನೋ ಆಗುತ್ತದೆ. ಆದರೆ ಜೀವಕೋಶದ ಒಳಗೆ ಏನಾಯಿತು ಅಂತ ಕೇಳಿದರೆ ಒಂದು ಮಾತೂ ಹೇಳಲಾರರು.

ಹೋಲಿಕೆ ಬಳಸಲೇಬಾರದು ಅಂತಲ್ಲ. ಈ ಹೋಲಿಕೆ ವಿಷಯವನ್ನೇ ತಪ್ಪಿಸುತ್ತದೆ, ಅಷ್ಟೇ. ದಾಳಿಗೆ ಬಂದವನು ಬಾಗಿಲು ದಾಟಿದ ಕೂಡಲೇ ತನ್ನನ್ನೇ ಬಿಚ್ಚಿ ಹಾಕುತ್ತಾನಾ? ವೈರಸ್ ವಿಷಯದಲ್ಲಿ ಆಗುವುದೇ ಅದು. ಹೊದಿಕೆ ಕಳಚುತ್ತದೆ, ಪ್ರೋಟೀನ್ ಚಿಪ್ಪು ಬಿಚ್ಚಿಕೊಳ್ಳುತ್ತದೆ, ಉಳಿಯುವುದು ಒಂದು ಆರ್‌ಎನ್‌ಎ ಎಳೆ, ಅಂದರೆ ಹೊಸ ವೈರಸ್ ಕಟ್ಟುವ ಸೂಚನೆಗಳಿರುವ ದಾರ. ಆ ಹೊತ್ತಿಗೆ ಜೀವಕೋಶವನ್ನು ಒಡೆದು ನೋಡಿದರೆ ಸೋಂಕು ಹಬ್ಬಿಸಬಲ್ಲ ವೈರಸ್ ಒಂದೂ ಸಿಗುವುದಿಲ್ಲ. ವಿಜ್ಞಾನಿಗಳು ಇದನ್ನು ಎಕ್ಲಿಪ್ಸ್ ಅವಧಿ ಅನ್ನುತ್ತಾರೆ. ಕೆಲವು ಗಂಟೆ ಕಳೆದರೆ ಹೊಸ ಕಣಗಳು ರಾಶಿ ರಾಶಿಯಾಗಿ ಹೊರಬರುತ್ತವೆ. ಇಡೀ ವೈರಾಲಜಿಯಲ್ಲಿ ಇದಕ್ಕಿಂತ ಸೋಜಿಗದ ಸಂಗತಿ ನನಗೆ ಕಂಡಿಲ್ಲ. ನಿಮ್ಮ ಲೇಖನದಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ! ಬದಲಿಗೆ ‘ಒಂದು ಎರಡಾಗಿ, ಎರಡು ನಾಲ್ಕಾಗಿ’ ಅಂತಿದೆ. ಹಾಗೆ ಸೀಳಿಕೊಂಡು ಬೆಳೆಯುವುದು ಬ್ಯಾಕ್ಟೀರಿಯಾ. ವೈರಸ್ಸಿನ ಬಿಡಿಭಾಗಗಳು ಬೇರೆ ಬೇರೆಯಾಗಿ ತಯಾರಾಗಿ, ಆಮೇಲೆ ಜೋಡಣೆ ಆಗುತ್ತವೆ. ಆ ಸಾಲು ತೆಗೆದುಬಿಡಿ.

ಹಾಗಾದರೆ ಹೇಗೆ ಬರೆಯಬೇಕು? ಒಂದೇ ವೈರಸ್ ಹಿಡಿಯಿರಿ. ಅದರ ಹಿಂದೆಯೇ ಹೋಗಿ. ಯಾವುದಾದ ಮೇಲೆ ಯಾವುದು ಅಂತ ಅದೇ ಕ್ರಮದಲ್ಲಿ ಹೇಳಿ.

ನಿಮ್ಮ ಕೈಯಲ್ಲಿ ಒಳ್ಳೆಯ ಉದಾಹರಣೆಯೇ ಇದೆ. ಮಂಗನ ಕಾಯಿಲೆ ತರುವ ಕ್ಯಾಸನೂರು ಕಾಡಿನ ವೈರಸ್ಸಿನ ಅಡ್ಡಳತೆ ಸುಮಾರು 50 ನ್ಯಾನೋಮೀಟರ್. ಒಂದು ಮಿಲಿಮೀಟರ್ ಉದ್ದಕ್ಕೆ 20,000 ಕಣಗಳನ್ನು ಸಾಲಾಗಿ ಇಡಬಹುದು. ಒಳಗೆ ಸುಮಾರು 11,000 ಅಕ್ಷರಗಳ ಒಂಟಿ ಎಳೆ ಆರ್‌ಎನ್‌ಎ, ಅದರ ಸುತ್ತ ಪ್ರೋಟೀನ್, ಹೊರಗೆ ಕೊಬ್ಬಿನ ಪೊರೆ. ಆ ಪೊರೆ ವೈರಸ್ ತಾನೇ ಮಾಡಿಕೊಂಡದ್ದಲ್ಲ, ಹಿಂದಿನ ಜೀವಕೋಶದ ಒಳಪೊರೆಯಿಂದ ಸುತ್ತಿಕೊಂಡು ಬಂದದ್ದು. ಅದರ ಮೇಲೆ ‘ಇ’ ಎಂಬ ಪ್ರೋಟೀನ್. ಈ ಕುಟುಂಬದ ಬಲಿತ ಕಣದಲ್ಲಿ ಅದರ 180 ಪ್ರತಿಗಳು ಜೋಡಿ ಜೋಡಿಯಾಗಿ, ಹೆಂಚು ಹೊದಿಸಿದ ಹಾಗೆ ಚಪ್ಪಟೆಯಾಗಿ ಮಲಗಿರುತ್ತವೆ.

ಜೀವಕೋಶ ಈ ಕಣವನ್ನು ಒಂದು ಪುಟ್ಟ ಚೀಲದಲ್ಲಿ ತಾನೇ ಒಳಗೆಳೆದುಕೊಳ್ಳುತ್ತದೆ. ಚೀಲದೊಳಗೆ ಹುಳಿ ಏರುತ್ತದೆ. ಆಗ ಮಲಗಿದ್ದ ಪ್ರೋಟೀನುಗಳ ಜೋಡಿ ಬಿಡುತ್ತದೆ. ಮೂರು ಮೂರಾಗಿ ಸೇರಿ ಎದ್ದು ನಿಲ್ಲುತ್ತವೆ, ಚೀಲದ ಪೊರೆಗೆ ನಾಟಿಕೊಳ್ಳುತ್ತವೆ. ಎರಡು ಪೊರೆಗಳೂ ಬೆಸೆದುಕೊಂಡು ಆರ್‌ಎನ್‌ಎ ಹೊರಬೀಳುತ್ತದೆ. ನಮ್ಮ ಜೀವಕೋಶದಲ್ಲಿ ಪ್ರೋಟೀನ್ ಕಟ್ಟುವ ರೈಬೋಸೋಮುಗಳು ಅದನ್ನು ನೇರವಾಗಿ ಓದಿ, ಸುಮಾರು 3,400 ಅಮೈನೋ ಆಮ್ಲಗಳ ಒಂದೇ ಉದ್ದನೆಯ ಪ್ರೋಟೀನ್ ಕಟ್ಟುತ್ತವೆ. ಅದು ಹತ್ತು ತುಂಡಾಗುತ್ತದೆ. ಮೂರು ಹೊಸ ಕಣದ ಮೈಗೆ, ಏಳು ಕೆಲಸಕ್ಕೆ. ಆ ಏಳರಲ್ಲಿ ಒಂದು ಆರ್‌ಎನ್‌ಎ ನೋಡಿ ಆರ್‌ಎನ್‌ಎ ನಕಲು ಮಾಡುವ ಕಿಣ್ವ. ಅದು ಬಂದ ಮೇಲೆಯೇ ನಕಲು ಶುರು. ಮೊದಲು ಓದು, ಆಮೇಲೆ ನಕಲು. ನೀವು ಇದನ್ನು ತಿರುಗುಮುರುಗು ಬರೆದಿದ್ದೀರಿ.

ಇಷ್ಟಾದ ಮೇಲೆ ವರ್ಗೀಕರಣಕ್ಕೆ ಬನ್ನಿ, ಮೊದಲೇ ಬೇಡ. ವೈರಸ್‌ಗಳ ಏಳು ಗುಂಪುಗಳ ಪಟ್ಟಿಯನ್ನು ಎರಡನೇ ಪ್ಯಾರಾದಲ್ಲೇ ಸುರಿದರೆ ಯಾರೂ ಮುಂದೆ ಓದುವುದಿಲ್ಲ. 1971ರಲ್ಲಿ ಈ ಗುಂಪುಗಳಿಗೆ ಬುನಾದಿ ಹಾಕಿದ ಅಮೆರಿಕದ ವಿಜ್ಞಾನಿ ಡೇವಿಡ್ ಬಾಲ್ಟಿಮೋರ್ ಕೇಳಿದ್ದು ಒಂದೇ ಪ್ರಶ್ನೆ: ರೈಬೋಸೋಮ್ ಓದಬಲ್ಲ ಎಂಆರ್‌ಎನ್‌ಎ ಈ ವೈರಸ್ಸಿಗೆ ಎಲ್ಲಿಂದ ಬರುತ್ತದೆ? ಮಂಗನ ಕಾಯಿಲೆ, ಡೆಂಗಿ, ಕೊರೊನಾ ವೈರಸ್‌ಗಳ ಆರ್‌ಎನ್‌ಎ ತಾನೇ ಎಂಆರ್‌ಎನ್‌ಎ. ಅದಕ್ಕೇ ಅವು ನಾಲ್ಕನೇ ಗುಂಪು. ರೇಬೀಸ್, ದಡಾರ ವೈರಸ್‌ಗಳದ್ದು ಉಲ್ಟಾ ಎಳೆ. ರೈಬೋಸೋಮಿಗೆ ಅದು ಅರ್ಥವಾಗದು. ಹಾಗಾಗಿ ನಕಲು ಮಾಡುವ ಕಿಣ್ವವನ್ನು ಕಣದ ಒಳಗೇ ಹೊತ್ತು ತರಬೇಕು. ಇವು ಐದನೇ ಗುಂಪು. ಈ ಒಂದು ವ್ಯತ್ಯಾಸ ಓದುಗರಿಗೆ ಹೊಳೆದರೆ ಸಾಕು. ಎಚ್‌ಐವಿ ಆರ್‌ಎನ್‌ಎಯಿಂದ ಡಿಎನ್‌ಎ ಮಾಡಿಕೊಳ್ಳುತ್ತದೆ ಅಂತ ಒಂದು ಸಾಲು ಸೇರಿಸಿ. ಉಳಿದವನ್ನು ಸುಮ್ನೆ ಒಂದು ಬಾಕ್ಸಿಗೆ ಹಾಕಿ.

ಕುಟುಂಬ, ಕುಲದ ಲೆಕ್ಕ ಬೇರೆ. ಅಲ್ಲಿ ನೋಡುವುದು ನೆಂಟಸ್ತನ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಕಡೆ ಮಂಗಗಳು ಸತ್ತು ಬೀಳತೊಡಗಿದಾಗ ಹಳದಿ ಜ್ವರ ಭಾರತಕ್ಕೂ ಬಂತಾ ಅನ್ನುವ ಅನುಮಾನ ಹುಟ್ಟಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ವೈರಸ್ಸನ್ನು ಬೇರ್ಪಡಿಸಿ ನೋಡಿದರೆ, ಅದು ಅದೇ ಕುಟುಂಬದ ಇನ್ನೊಂದು ಕವಲಿನದ್ದು. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್ ಇದರ ಹತ್ತಿರದ ನೆಂಟ. ಲೇಖನದ ಶುರುವಿಗೆ ಇದನ್ನೇ ಇಡಬಹುದಲ್ವಾ?

ಮಂಗವನ್ನು ಖಳನಾಯಕ ಮಾಡಬೇಡಿ. ಅದೂ ಉಣುಗು ಕಚ್ಚಿಸಿಕೊಂಡೇ ಸಾಯುವುದು. ಸತ್ತ ಮೇಲೆ ಮೈಮೇಲಿದ್ದ ಉಣುಗುಗಳು ಉದುರಿ ಸುತ್ತಲಿನ ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ. ಸೌದೆಗೆ, ಸೊಪ್ಪಿಗೆ ಹೋದವರಿಗೆ ಅಪಾಯ ಇರುವುದು ಅಲ್ಲಿ. ಜಾಸ್ತಿ ಕಚ್ಚುವುದು ಮರಿ ಉಣುಗು, ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಇನ್ನೊಂದು ಮಾತು: ಮನುಷ್ಯರಿಂದ ಮನುಷ್ಯರಿಗೆ ಈ ಕಾಯಿಲೆ ಹರಡಿದ್ದು ಕಂಡುಬಂದಿಲ್ಲ. ಇದನ್ನು ದೊಡ್ಡದಾಗಿಯೇ ಬರೆಯಿರಿ. ಮನೆಯಲ್ಲೊಬ್ಬರಿಗೆ ಜ್ವರ ಬಂದರೆ ಅಕ್ಕಪಕ್ಕದವರು ದೂರ ನಿಲ್ಲಬೇಕಾಗಿಲ್ಲ.

ನಿಮ್ಮ ಓದುಗರಲ್ಲಿ ಆಶಾ ಕಾರ್ಯಕರ್ತೆಯರೂ ಇರುತ್ತಾರೆ. ಅವರಿಗೆ ಇ ಪ್ರೋಟೀನ್ ಕಥೆಯೂ ಬೇಕು, ನಾಳೆ ಬೆಳಿಗ್ಗೆ ಏನು ಮಾಡಬೇಕು ಅನ್ನುವುದೂ ಬೇಕು. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ, ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಎಣ್ಣೆ, ಬಂದ ಮೇಲೆ ಬಿಸಿನೀರಿನ ಸ್ನಾನ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು. ಈ ವೈರಸ್ಸಿಗೇ ಅಂತ ಔಷಧಿ ಇಲ್ಲ, ಆಂಟಿಬಯಾಟಿಕ್ ಇದನ್ನು ಕೊಲ್ಲುವುದಿಲ್ಲ. ಆದರೆ ಬೇಗ ಆಸ್ಪತ್ರೆ ಸೇರಿದರೆ ನೀರಿನಂಶ, ರಕ್ತಸ್ರಾವ ನೋಡಿಕೊಂಡು ಬದುಕಿಸುವ ಸಾಧ್ಯತೆ ಹೆಚ್ಚು. ಲಸಿಕೆಯ ವಿಷಯ ಮಾತ್ರ ಅಚ್ಚಿಗೆ ಹೋಗುವ ಮುಂಚೆ ಇಲಾಖೆಗೆ ಫೋನ್ ಮಾಡಿ ಕೇಳಿ. ಹಳೆಯ ಲೇಖನ ನೋಡಿ ಬರೆಯಬೇಡಿ.

ಚಿತ್ರದ ಬಗ್ಗೆ ಹೇಳುವುದು ಮರೆತಿದ್ದೆ. ಕಲಾವಿದರು ಕೊರೊನಾ ಚೆಂಡನ್ನೇ ಬರೆದು ಹಸಿರು ಬಣ್ಣ ಹಚ್ಚಿದ್ದಾರೆ. ಆ ಮುಳ್ಳುಗಳನ್ನು ತೆಗೆಸಿ, ಮೈ ನುಣುಪಾಗಿರಲಿ. ತಿದ್ದಿದ ಪ್ರತಿ ನವೆಂಬರ್ ಒಳಗೆ ಕೈಸೇರಲಿ. ಡಿಸೆಂಬರ್‌ನಿಂದ ಮಲೆನಾಡಿನಲ್ಲಿ ಕೇಸುಗಳು ಶುರುವಾಗುವ ಕಾಲ, ಅಷ್ಟರಲ್ಲಿ ಲೇಖನ ಜನರ ಕೈಯಲ್ಲಿರಬೇಕು.

ಇಂತಿ,
ನಿಮ್ಮ ಹಿರಿಯ ಗೆಳೆಯ