ಒಂದು ನಿಮಿಷದ ಕನ್ನಡ, ಹತ್ತು ವರ್ಷದ ಸಂಸತ್ತು

ಆತ್ಮೀಯ ಕನ್ನಡ ಬಂಧುಗಳೇ,

ಕೆನಡಾದಲ್ಲಿ ಸಂಸದರಾಗಿದ್ದ ಕನ್ನಡಿಗ ಚಂದ್ರ ಆರ್ಯ ಅವರ ಕನ್ನಡ ಭಾಷಣದ ವಿಡಿಯೋ ನಿಮ್ಮ ಫೋನಿಗೂ ಬಂದಿರುತ್ತದೆ, ಅಲ್ವಾ? 2025ರ ಜನವರಿಯಲ್ಲಿ ಅದು ಮತ್ತೆ ಎಲ್ಲ ಗುಂಪುಗಳಲ್ಲೂ ಓಡಾಡಿತು. ಕೆನಡಾದ ಪ್ರಧಾನಿ ಹುದ್ದೆಗೆ ಪೈಪೋಟಿ ಮಾಡುತ್ತೇನೆ ಎಂದು ಕನ್ನಡದಲ್ಲೇ ಹೇಳಿದರು ಅಂತ ಎಷ್ಟೋ ಜನ ನಂಬಿದರು.

ಹಾಗಲ್ಲ. ಅದು 2022ರ ಮೇ ತಿಂಗಳ ಭಾಷಣ. ಕೆನಡಾ ಸಂಸತ್ತಿನಲ್ಲಿ ಸದಸ್ಯರ ಹೇಳಿಕೆಗೆ ಸಿಗುವುದು ಒಂದೇ ನಿಮಿಷ. ಆ ನಿಮಿಷವನ್ನು ಅವರು ತಾಯಿನುಡಿಗೆ ಕೊಟ್ಟರು. ತುಮಕೂರು ಜಿಲ್ಲೆ, ಸಿರಾ ತಾಲ್ಲೂಕು, ದ್ವಾರಾಳು ಗ್ರಾಮ ಅಂತ ಊರಿನ ಹೆಸರು ಹೇಳಿದರು. ಕೊನೆಗೆ ಕುವೆಂಪು ಬರೆದು ರಾಜ್‌ಕುಮಾರ್ ಹಾಡಿದ ಸಾಲು. ಸಿರಾ ಬಸ್ಸಿನ ಬೋರ್ಡಿನಲ್ಲಿ ಓದುವ ಹೆಸರನ್ನು ಒಟ್ಟಾವಾದ ಸದನದಲ್ಲಿ ಕೇಳಿ ನನ್ನ ಕಣ್ಣು ಒದ್ದೆಯಾಗಿತ್ತು.

ಆದರೆ ನಾವು ನೋಡಿದ್ದು ಅಷ್ಟೇ. ಧಾರವಾಡದಲ್ಲಿ ಎಂಬಿಎ ಓದಿದ ಇವರು ಕೆನಡಾಕ್ಕೆ ಹೋದದ್ದು 2006ರಲ್ಲಿ. ಒಂಬತ್ತೇ ವರ್ಷಕ್ಕೆ, 2015ರಲ್ಲಿ, ಲಿಬರಲ್ ಪಕ್ಷದಿಂದ ನೇಪಿಯನ್ ಕ್ಷೇತ್ರ ಗೆದ್ದರು. 2019, 2021ರಲ್ಲೂ ಗೆದ್ದರು. ಬರೀ ಕನ್ನಡಿಗರ ಮತದಿಂದ ಅಲ್ಲಿ ಯಾರೂ ಗೆಲ್ಲಲಾರರು. ಮೂರು ಸಲ ಅವರನ್ನು ಕಳಿಸಿದ್ದು ನಮ್ಮ ಭಾಷೆ ಗೊತ್ತಿಲ್ಲದ ಅಕ್ಕಪಕ್ಕದ ಮನೆಯವರು. ನವೆಂಬರನ್ನು ಹಿಂದೂ ಪರಂಪರೆಯ ತಿಂಗಳೆಂದು ಘೋಷಿಸುವ ನಿರ್ಣಯ 2022ರಲ್ಲಿ ಒಪ್ಪಿಗೆ ಪಡೆದದ್ದೂ ಇವರ ಓಡಾಟದಿಂದ.

ಕೊನೆ ಮಾತ್ರ ಕಹಿ. 2025ರಲ್ಲಿ ಪ್ರಧಾನಿಯಾಗಲು ಬೇಕಾದ ಪಕ್ಷದ ನಾಯಕತ್ವದ ಪೈಪೋಟಿಗೆ ಇಳಿದರೂ ಪಕ್ಷ ಅವರನ್ನು ಬಿಡಲಿಲ್ಲ. ಮಾರ್ಚ್‌ನಲ್ಲಿ ನೇಪಿಯನ್ ಟಿಕೆಟ್ಟೂ ಕೈತಪ್ಪಿತು. ಅದೇ ಕ್ಷೇತ್ರದಿಂದ ಪಕ್ಷದ ಹೊಸ ನಾಯಕ ಮಾರ್ಕ್ ಕಾರ್ನಿ ನಿಂತು ಏಪ್ರಿಲ್‌ನಲ್ಲಿ ಗೆದ್ದರು. ಮೂರು ಸಲ ಗೆದ್ದವರಿಗೆ ಟಿಕೆಟ್ ಇಲ್ಲ ಅಂದಾಗ ಕಾರಣವನ್ನು ಮತದಾರರ ಮುಂದೆ ಬಿಡಿಸಿ ಹೇಳಬೇಕಿತ್ತು ಅಂತ ನನಗೆ ಅನಿಸುತ್ತದೆ.

ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಜನವರಿಯ ಸಂದರ್ಶನದಲ್ಲಿ ಅವರಿಗೆ ಫ್ರೆಂಚ್ ಬರುತ್ತದಾ ಅಂತ ಕೇಳಿದರು. ಇಲ್ಲ ಅಂದರು. ಅದಕ್ಕೆ ಟೀಕೆ ಜಾಸ್ತಿಯೇ ಬಂತು. ನಮ್ಮ ಕೆಲವು ಗೆಳೆಯರಿಗೆ ಆ ಪ್ರಶ್ನೆಯೇ ಅನ್ಯಾಯ ಅನಿಸಿತು. ನನಗೆ ಅನಿಸಲಿಲ್ಲ. ನಮಗೆ ಕನ್ನಡ ಹೇಗೋ ಕೆನಡಾದ ಕ್ವಿಬೆಕ್ ಪ್ರಾಂತ್ಯದವರಿಗೆ ಫ್ರೆಂಚ್ ಹಾಗೆ. ವಿಧಾನಸೌಧದಲ್ಲಿ ಮುಖ್ಯಮಂತ್ರಿ ಆಗುತ್ತೇನೆ ಅಂತ ಯಾರಾದರೂ ಬಂದರೆ, ಕನ್ನಡ ಬರುತ್ತಾ ಅಂತ ನಾವೂ ಮೊದಲು ಕೇಳುತ್ತಿದ್ದೆವು.

— ಸಂಪಾದಕ