ಏಳನೆಯ ಗಿಡದ ಸಣ್ಣ ಹಣ್ಣು

ಚಳ್ಳಕೆರೆ ತಾಲ್ಲೂಕು
ಜನವರಿ 11

ಚಿ. ಸೌ. ಮಗಳಿಗೆ ಅಪ್ಪನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಚಳಿಗೆ ನಿಮ್ಮಮ್ಮನ ಮಂಡಿನೋವು ಒಂದಿಷ್ಟು ಜಾಸ್ತಿಯಾಗಿದೆ ಎನ್ನುವುದನ್ನು ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ನಾಳೆ ರಾತ್ರಿಯ ಬಸ್ಸಿಗೆ ಪಕ್ಕದ ಮನೆಯ ಹುಡುಗ ಬೆಂಗಳೂರಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಕಳಿಸುತ್ತಿದ್ದೇನೆ. ಅದರಲ್ಲಿ ಎಲಚಿ ಹಣ್ಣಿನ ಎರಡು ಗಂಟು, ನಿಮ್ಮಮ್ಮ ಹುರಿದ ಎಳ್ಳು, ಹೆಚ್ಚಿದ ಕೊಬ್ಬರಿ ಇವೆ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿಸಿಕೊಂಡು ‘ಆಯಿತಪ್ಪಾ’ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆದು ಪೆಟ್ಟಿಗೆಯೊಳಗೇ ಇಟ್ಟಿದ್ದೇನೆ.

ದೊಡ್ಡ ಗಂಟಿನಲ್ಲಿರುವುದು ನೀವು ತಿನ್ನುವುದಕ್ಕೆ. ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿರುವುದು ಹಬ್ಬದ ದಿನ ದೃಷ್ಟಿ ತೆಗೆಯಲು ಪುಟ್ಟಿಯ ತಲೆಯ ಮೇಲೆ ಎರೆಯುವುದಕ್ಕೆ. ಎರಡನ್ನೂ ಅದಲುಬದಲು ಮಾಡಿಬಿಟ್ಟೀಯ ಜೋಕೆ. ದೊಡ್ಡವು ನೀನು ಹಟ ಹಿಡಿದು ನೆಡಿಸಿದ ಆ್ಯಪಲ್ ಬಾರೆ ಎಂಬ ಕಸಿ ಎಲಚಿ. ಅಂಗಡಿಯ ತಕ್ಕಡಿಯಲ್ಲಿಟ್ಟು ನೋಡಿದೆ, ಅರ್ಧ ಕಿಲೋಗೆ ಆರೇ ಹಣ್ಣು. ಹನ್ನೊಂದು ತಿಂಗಳ ಮಗುವಿನ ನೆತ್ತಿಗೆ ಅದನ್ನು ಪಾವಿನಲ್ಲಿ ತುಂಬಿ ಸುರಿದರೆ ದೃಷ್ಟಿ ಹೋಗುವುದಿರಲಿ, ಬುಗುಟೆ ಬರುತ್ತದೆ. ಸಣ್ಣವು ಅಷ್ಟೇ ತೂಕಕ್ಕೆ ನೂರೈವತ್ತಕ್ಕೂ ಮಿಕ್ಕಿ ಬಂದವು. ಅವುಗಳ ಜೊತೆ ಕಬ್ಬಿನ ಚೂರು, ಚಿಲ್ಲರೆ ಕಾಸು ಬೆರೆಸಿಕೋ. ಮಗುವನ್ನು ಪೂರ್ವಕ್ಕೆ ಕೂರಿಸಿ ಮೊದಲು ನಿಮ್ಮ ಅತ್ತೆಯವರು ಎರೆಯಲಿ, ಆಮೇಲೆ ನೀನು. ಒಂದು ಹಣ್ಣೂ ಪುಟ್ಟಿಯ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಒಳಗಿನ ಗೊರಟೆ ಸರಿಯಾಗಿ ಗಂಟಲಿಗೆ ಸಿಕ್ಕಿಕೊಳ್ಳುವ ಗಾತ್ರದ್ದು.

ನಿನ್ನ ಅಜ್ಜಿ ಆಂಧ್ರದ ರಾಯದುರ್ಗದ ಕಡೆಯವಳು. ಅವಳ ಬಾಯಲ್ಲಿ ಇದು ಎಲಚಿಯಲ್ಲ, ರೇಗಿ ಪಂಡ್ಲು. ಅವರಲ್ಲಿ ಮುನ್ನಾದಿನ ಭೋಗಿಯ ಸಂಜೆಯೇ ಎರೆಯುವುದು, ನಮ್ಮಲ್ಲಿ ಸಂಕ್ರಾಂತಿಗೆ. ಯಾವ ದಿನ ಎರೆಯಬೇಕೆಂದು ಅತ್ತೆ ಸೊಸೆಗೆ ಇತ್ಯರ್ಥವಾಗದೆ ನನಗೆ ಎರಡು ದಿನವೂ ಎರೆದರಂತೆ. ಎರೆದ ಹಣ್ಣಿಗೆ ದೃಷ್ಟಿ ಇಳಿದಿರುತ್ತದೆ, ತಿನ್ನಬಾರದು ಎಂದು ಅಜ್ಜಿ ಗದರುತ್ತಿದ್ದಳು. ಕಾಸು ಆರಿಸುವ ನೆಪದಲ್ಲಿ ನಾವು ತಿಂದೇ ತಿನ್ನುತ್ತಿದ್ದೆವು.

ಈಗ ಆ ಸಣ್ಣ ಹಣ್ಣು ಎಲ್ಲಿಂದ ಬಂತು ಎಂದು ಕೇಳುತ್ತೀಯ. ಬಾವಿ ದಂಡೆಯ ಹಳೆಯ ಎಲಚಿ ಮರ ಹೋಗಿ ಎಷ್ಟೋ ವರ್ಷವಾಯಿತಲ್ಲ? 2021ರಲ್ಲಿ ನೀನು ತರಿಸಿದ ಹನ್ನೆರಡು ಸಸಿಗಳಲ್ಲಿ ಏಳನೆಯದನ್ನು ನೆನಪಿಸಿಕೋ, ಪಂಪಿನ ಮನೆಯ ಎದುರಿನದು. ಮಾರಿದವರು ‘ಮುಳ್ಳೇ ಇಲ್ಲದ ತಳಿ’ ಎಂದಿದ್ದರು. ಮರುವರ್ಷ ನನ್ನ ಕಣ್ಣಿನ ಪೊರೆ ತೆಗೆಸಿದಾಗ ಒಂದು ತಿಂಗಳು ಹೊಲದ ಕಡೆ ತಲೆ ಹಾಕಲಿಲ್ಲ. ಹೋಗಿ ನೋಡಿದರೆ ಕಸಿಯ ಗಂಟಿನ ಕೆಳಗಿನಿಂದ ಇನ್ನೊಂದು ಚಿಗುರು ಎದ್ದು, ಮೇಲಿನದಕ್ಕಿಂತ ಎತ್ತರವಾಗಿ ನಿಂತಿತ್ತು. ಕಸಿ ಮಾಡುವಾಗ ತಳಿಯ ಮೊಗ್ಗು ಕೂರಿಸುವುದು ಕಾಡು ಎಲಚಿಯ ಬೇರಿನ ಮೇಲೆ ತಾನೆ? ಆ ಬೇರು ತನ್ನದನ್ನೇ ತಾನು ಮೇಲಕ್ಕೆ ಕಳಿಸಿತ್ತು. ಎಲೆ ಚಿಕ್ಕದು, ದುಂಡಗೆ, ತಿರುಗಿಸಿದರೆ ಹಿಂಬದಿಯಲ್ಲಿ ಬಿಳಿಯ ನವಿರು. ಗಿಣ್ಣುಗಿಣ್ಣಿಗೂ ಜೋಡಿ ಮುಳ್ಳು, ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆಯ ಹಾಗೆ ಹಿಂದಕ್ಕೆ. ನೆಟ್ಟಗಿನದು ಚುಚ್ಚುತ್ತದೆ, ಕೊಕ್ಕೆಯದು ಬಿಡುವುದಿಲ್ಲ. ಅಂಗಿಯ ತೋಳು ಬಿಡಿಸಿಕೊಳ್ಳುವಷ್ಟರಲ್ಲಿ ಚಿಕ್ಕಂದಿನದೆಲ್ಲ ನೆನಪಾಯಿತು.

ಅಂಥ ಚಿಗುರನ್ನು ಕಂಡಕೂಡಲೇ ಬುಡಸಮೇತ ಚಿವುಟಬೇಕು, ಇಲ್ಲದಿದ್ದರೆ ಅದು ಕಸಿಯ ಕೊಂಬೆಯನ್ನು ಸೊರಗಿಸುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಕುಡುಗೋಲು ಕೈಯಲ್ಲೇ ಇತ್ತು. ಕತ್ತರಿಸಲಿಲ್ಲ. ನಿನಗೆ ಹೇಳಲೂ ಇಲ್ಲ, ದುಡ್ಡು ಕೊಟ್ಟು ತರಿಸಿದ ಗಿಡ ಹಾಳು ಮಾಡಿದೆ ಎನ್ನುತ್ತೀಯೆಂದು. ಈಗ ಒಂದೇ ಬುಡದಲ್ಲಿ ಒಂದು ಕಡೆ ಸೇಬಿನಷ್ಟು ದಪ್ಪದ್ದು, ಇನ್ನೊಂದು ಕಡೆ ಗೋಲಿಯಷ್ಟು ಸಣ್ಣದ್ದು. ದಾರಿಯಲ್ಲಿ ಹೋಗುವವರು ನಿಂತು ನೋಡಿ, ನಾನೇ ಏನೋ ವಿದ್ಯೆ ಮಾಡಿದ್ದೇನೆ ಅಂದುಕೊಳ್ಳುತ್ತಾರೆ. ನಾನೂ ಅಲ್ಲವೆನ್ನಲು ಹೋಗುವುದಿಲ್ಲ.

ಉಳಿದ ಹನ್ನೊಂದರ ವಿಷಯ. ಮೊದಲ ವರ್ಷ ನಾನು ಕತ್ತರಿಸಲಿಲ್ಲ. ಆಳೆತ್ತರ ಬೆಳೆದದ್ದನ್ನು ಯುಗಾದಿಯ ಹೊತ್ತಿಗೆ ಮೊಳಕಾಲುದ್ದಕ್ಕೆ ಇಳಿಸು ಎಂದರೆ ಯಾರಿಗೆ ಮನಸ್ಸು ಬರುತ್ತದೆ? ಮರುವರ್ಷ ಕೊಂಬೆಗಳು ನೆಲಕ್ಕೆ ಜೋತುಬಿದ್ದು ಹಣ್ಣು ಸಣ್ಣಗಾಯಿತು. ಎಲಚಿ ಹೂ ಬಿಡುವುದು ಆ ವರ್ಷದ ಹೊಸ ಚಿಗುರಿನಲ್ಲಿ, ಆದ್ದರಿಂದ ಕಡಿದರೇ ಲಾಭ. ಕಡಿದ ಕೊಂಬೆ ಬೇಲಿಗಾಯಿತು, ಸೊಪ್ಪನ್ನು ಕುರಿಗಳು ಜಗಳವಾಡಿಕೊಂಡು ತಿಂದವು. ಸೆಪ್ಟೆಂಬರಿನಲ್ಲಿ ಹಸಿರುಹಳದಿ ಹೂ ಬಂದಾಗ ಹತ್ತಿರ ಹೋಗಬೇಡ, ವಾಸನೆ ಚೆನ್ನಾಗಿಲ್ಲ, ಆದರೆ ನೊಣಗಳಿಗೆ ಅದೇ ಹಬ್ಬ. ಚಳಿ ಶುರುವಾದಾಗ ಕಾಯಿಯ ಮೇಲೆ ಬೂದಿರೋಗ ಹಿಡಿಯಿತು. ನೀರಿನಲ್ಲಿ ಬೆರೆಯುವ ಗಂಧಕ ಎರಡು ಸಲ ಸಿಂಪಡಿಸಿದ ಮೇಲೆ ತಹಬಂದಿಗೆ ಬಂತು. ಹುಳದ ಕಾಟ ಮಾತ್ರ ಈ ಸಲವೂ ಪೂರಾ ಹೋಗಿಲ್ಲ. ಹಣ್ಣುನೊಣ ಕಾಯಿಯೊಳಗೆ ಮೊಟ್ಟೆಯಿಡುತ್ತದೆ, ಹುಳ ತಿಂದು ಬಲಿತು ಮಣ್ಣಿಗಿಳಿದು ಗೂಡು ಕಟ್ಟುತ್ತದೆ. ಬೇಸಿಗೆಯಲ್ಲಿ ಬುಡ ಅಗೆದು ಆ ಗೂಡುಗಳನ್ನು ಬಿಸಿಲಿಗೆ ಹಾಕಬೇಕಿತ್ತು, ಸೋಮಾರಿತನ ಮಾಡಿದೆ. ಆದ್ದರಿಂದ ತಿನ್ನುವ ಮೊದಲು ಒಂದೊಂದನ್ನೂ ಸೀಳಿ ನೋಡಿ ತಿನ್ನಿ. ಅಳಿಯಂದಿರಿಗೂ ಹೇಳು.

ರುಚಿಯ ಬಗ್ಗೆ ನಿಜ ಹೇಳಲೇ? ಆ್ಯಪಲ್ ಬಾರೆಯನ್ನು ಕಚ್ಚಿದರೆ ಕರುಂ ಎನ್ನುತ್ತದೆ, ಬಾಯಿ ತುಂಬ ನೀರು, ಸಿಹಿ ಎಲ್ಲೋ ದೂರದಲ್ಲಿ. ಉಪ್ಪು ಖಾರದ ಪುಡಿ ಹಚ್ಚಿದರೆ ಸೈ. ಆದರೆ ಬೇಲಿಯ ಪಕ್ಕದ ಸಾಲಿನಲ್ಲಿ ಡ್ರಿಪ್ ಪೈಪು ಇಲಿ ಕಡಿದು ಡಿಸೆಂಬರ್ ಪೂರ್ತಿ ನೀರು ಹೋಗಿರಲಿಲ್ಲ. ಆ ನಾಲ್ಕು ಗಿಡದ ಹಣ್ಣು ತುಸು ಸಣ್ಣವಾದರೂ ಸಿಹಿ ಬೇರೆಯೇ. ಮುಂದಿನ ವರ್ಷ ಇಲಿಯ ಕೆಲಸ ನಾನೇ ಮಾಡುತ್ತೇನೆ. ನಿನ್ನ ಗಂಟಿನಲ್ಲಿರುವುದೆಲ್ಲ ಆ ಸಾಲಿನದೇ.

ಏಳನೆಯದರ ಸಣ್ಣ ಹಣ್ಣಿಗೆ ಸಿಪ್ಪೆ ಮತ್ತು ಗೊರಟೆ ಬಿಟ್ಟರೆ ತಿನ್ನಲು ಇರುವುದು ಉಗುರಿನಷ್ಟು. ಹಸಿರಿದ್ದಾಗ ಬರೀ ಒಗರು. ಹಳದಿಗೆ ತಿರುಗಿದಾಗ ಹುಳಿ ನಾಲಿಗೆಯ ಅಂಚು ಹಿಡಿದು ಎಳೆಯುತ್ತದೆ. ಕಂದಾಗಿ ಸುಕ್ಕು ಬಿದ್ದ ಮೇಲೆ ಒಳಗೆ ಹಿಟ್ಟುಹಿಟ್ಟಾಗಿ, ಬೆಲ್ಲದ ಪಾಕ ಸ್ವಲ್ಪ ಹುಳಿತ ಹಾಗಿನ ಘಮ. ಇದನ್ನೇ ಅಜ್ಜಿ ಒರಳಲ್ಲಿ ಹಾಕಿ ಬೆಲ್ಲ, ಉಪ್ಪು, ಮೆಣಸಿನಕಾಯಿ, ಜೀರಿಗೆಯ ಜೊತೆ ಕುಟ್ಟಿ, ತಟ್ಟಿ, ಬಿಸಿಲಿಗೆ ಒಣಗಿಸುತ್ತಿದ್ದದ್ದು. ನಿಮ್ಮಮ್ಮ ಈ ಸಲ ಮಾಡಲು ಹೊರಟಳು, ಮಂಡಿ ಒಪ್ಪಲಿಲ್ಲ.

ಗಿಡ ಗಿಡದ ಹಣ್ಣು ಕಚ್ಚಿ ನೋಡುತ್ತಿದ್ದ ನನ್ನನ್ನು ಕಂಡು ಅವಳು ‘ಶಬರಿ’ ಎಂದು ಆಡಿಕೊಂಡಳು. ವಾಲ್ಮೀಕಿ ರಾಮಾಯಣದಲ್ಲಿ ಶಬರಿ ಹಣ್ಣು ಕಚ್ಚಿ ನೋಡುವುದೇ ಇಲ್ಲ, ಅದು ಆಮೇಲಿನವರು ಸೇರಿಸಿದ್ದು. ಆದರೆ ಸೇರಿಸಿದವರಿಗೆ ಎಲಚಿ ಗೊತ್ತಿತ್ತು. ಬೀಜದಿಂದ ಹುಟ್ಟಿದ ಎಲಚಿಯಲ್ಲಿ ಈ ಮರದ ರುಚಿ ಪಕ್ಕದ ಮರಕ್ಕಿರುವುದಿಲ್ಲ, ಹುಳ ಇದೆಯೋ ಇಲ್ಲವೋ ಹೊರಗಿನಿಂದ ಕಾಣುವುದೂ ಇಲ್ಲ. ಕಚ್ಚದೆ ಇನ್ನೇನು ಮಾಡುತ್ತಿದ್ದಳು ಪಾಪ, ರಾಮನಿಗೆ ಹುಳುಕು ಕೊಡಬೇಕಿತ್ತೇ?

ಹುಡುಗ ಮೆಜೆಸ್ಟಿಕ್‌ನಲ್ಲಿ ಇಳಿದು ಮೆಟ್ರೊ ಹಿಡಿದು ಬೆಳಿಗ್ಗೆ ಯಲಚೇನಹಳ್ಳಿಗೆ ಬರುತ್ತಾನೆ. ಎಲಚಿ ಹಣ್ಣು ಯಲಚೇನಹಳ್ಳಿಗೆ ಹೊರಟಿದೆಯೆಂದು ನಿಮ್ಮಮ್ಮ ನಗುತ್ತಿದ್ದಾಳೆ. ನಿಲ್ದಾಣದಿಂದಲೇ ಕಳಿಸಿಬಿಡಬೇಡ, ಮನೆಗೆ ಕರೆದು ತಿಂಡಿ ಕೊಡು. ಪೆಟ್ಟಿಗೆ ಕಟ್ಟುವಾಗ ಪಕ್ಕದಲ್ಲೇ ಕೂತು ಸಣ್ಣ ಹಣ್ಣನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ದಾರಿಯಲ್ಲೂ ಅದೇ ಮಾಡುತ್ತಾನೆಂದು ಒಂದು ಹಿಡಿ ಹೆಚ್ಚೇ ಹಾಕಿದ್ದೇನೆ. ಗಂಟು ಸಡಿಲವಾಗಿದ್ದರೆ ಏನೂ ಕೇಳಬೇಡ.

ನಿನ್ನ ಅಪ್ಪ